ನಾಯಿಯ ಕರುಳಿನ ಒಳಪದರ ಮತ್ತು ಇಮ್ಯೂನಿಟಿ ಎಂಬ ಮಾತು

(ಉಡುಪಿಯ ಅಜ್ಜರಕಾಡಿನಲ್ಲಿ ನಾಯಿ ಸಾಕುವವರ ಎದುರು ಮಾಡಿದ ಉಪನ್ಯಾಸದ ಬರಹ ರೂಪ. ಪ್ರಶ್ನೋತ್ತರದಲ್ಲಿ ಎಲ್ಲರಿಗೂ ಉಪಯೋಗ ಆಗುವಂಥದ್ದನ್ನು ಮಾತ್ರ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಈ ಮಳೆಯಲ್ಲೂ ಇಷ್ಟು ಜನ ಬಂದಿದ್ದೀರಿ, ಸಂತೋಷ. ನಾಯಿಗಳನ್ನು ಮನೆಯಲ್ಲೇ ಬಿಟ್ಟು ಬನ್ನಿ ಎಂದದ್ದಕ್ಕೆ ಕೆಲವರಿಗೆ ಬೇಸರ ಆಗಿರಬಹುದು. ಲಸಿಕೆ ಮುಗಿಯದ ಮರಿಗಳನ್ನೂ ಬೇರೆ ಬೇರೆ ಮನೆಯ ದೊಡ್ಡ ನಾಯಿಗಳನ್ನೂ ಒಂದೇ ಹಾಲ್‌ನಲ್ಲಿ ಕೂರಿಸುವುದು ಬೇಡ ಎಂಬುದೊಂದೇ ಕಾರಣ. ಯಾಕೆ ಬೇಡ ಎನ್ನುವುದು ಮುಂದೆ ಗೊತ್ತಾಗುತ್ತದೆ.

ಕ್ಲಿನಿಕ್ಕಿಗೆ ಬರುವವರು ಈಚೆಗೆ ಒಂದು ಮಾತು ತುಂಬ ಹೇಳುತ್ತಾರೆ. "ಡಾಕ್ಟ್ರೆ, ಇಮ್ಯೂನಿಟಿ ಜಾಸ್ತಿ ಆಗ್ಲಿಕ್ಕೆ ಒಂದು ಟಾನಿಕ್ ಬರೆದು ಕೊಡಿ." ಕೊರೊನಾ ಬಂದು ಹೋದ ಮೇಲೆ ಮನುಷ್ಯರಿಗೆ ಹಿಡಿದ ಇಮ್ಯೂನಿಟಿಯ ಹುಚ್ಚು ಈಗ ನಾಯಿಯ ಬಟ್ಟಲಿಗೂ ಇಳಿದಿದೆ. ನಾನು ಬರೆದು ಕೊಡುವುದಿಲ್ಲ. ಯಾಕೆ ಎಂದು ವಿವರಿಸಲು ಕ್ಲಿನಿಕ್ಕಿನಲ್ಲಿ ಪುರುಸೊತ್ತು ಇರುವುದಿಲ್ಲ, ಹೊರಗೆ ಬೆಂಚಿನ ಮೇಲೆ ಇನ್ನೂ ನಾಲ್ಕು ಜನ ನಾಯಿ ಹಿಡಿದುಕೊಂಡು ಕೂತಿರುತ್ತಾರೆ. ಇವತ್ತು ಸಮಯ ಉಂಟು, ಹೇಳುತ್ತೇನೆ.

ನಾಯಿಯ ಚರ್ಮವನ್ನು ನೋಡಿ. ಮೇಲೆ ಕೂದಲು, ಅದರ ಕೆಳಗೆ ಸತ್ತ ಕೋಶಗಳ ಪದರ, ಅದರ ಕೆಳಗೆ ಬದುಕಿರುವ ಕೋಶಗಳ ಹಲವು ಸಾಲು. ಹೊರಗಿನ ರೋಗಾಣು ಒಳಗೆ ಹೋಗಬೇಕಾದರೆ ಇಷ್ಟನ್ನೂ ದಾಟಬೇಕು. ಕರುಳಿನಲ್ಲಿ ಹಾಗಿಲ್ಲ. ಒಂದು ಕಡೆ ಅನ್ನ, ಮೀನು, ನೆಕ್ಕಿದ ಮಣ್ಣು, ಕೋಟ್ಯಂತರ ಬ್ಯಾಕ್ಟೀರಿಯಾ; ಇನ್ನೊಂದು ಕಡೆ ರಕ್ತ. ನಡುವೆ ಇರುವುದು ಒಂದೇ ಒಂದು ಸಾಲು ಜೀವಕೋಶ. ಇದನ್ನು ದಪ್ಪ ಮಾಡಿಕೊಳ್ಳುವ ಹಾಗೂ ಇಲ್ಲ. ದಪ್ಪವಾದರೆ ಆಹಾರದ ಸತ್ವ ರಕ್ತಕ್ಕೆ ಸೇರುವುದಿಲ್ಲ, ನಾಯಿ ಹೊಟ್ಟೆ ತುಂಬ ತಿಂದೂ ಬಡಕಲಾಗುತ್ತದೆ. ಬೇಕಾದದ್ದನ್ನು ಒಳಗೆ ಬಿಡಬೇಕು, ಬೇಡದ್ದನ್ನು ತಡೆಯಬೇಕು, ಎರಡನ್ನೂ ಅದೇ ತೆಳು ಪದರ ಅದೇ ಹೊತ್ತಿನಲ್ಲಿ ಮಾಡಬೇಕು. ನಾಯಿಯ ರೋಗನಿರೋಧಕ ಶಕ್ತಿಯ ಬಹುದೊಡ್ಡ ಪಾಲು ಇಲ್ಲಿ ಬಂದು ಸೇರಿರುವುದು ಈ ಕಷ್ಟದಿಂದಾಗಿಯೇ.

ಈ ಕೋಶಗಳು ಅಕ್ಕಪಕ್ಕದವನ್ನು ಬಿಗಿಯಾಗಿ ಹಿಡಿದುಕೊಂಡಿರುತ್ತವೆ. ಆ ಬೆಸುಗೆ ಪ್ರೋಟೀನಿನದ್ದು, ಅಗತ್ಯಕ್ಕೆ ತಕ್ಕಂತೆ ಸ್ವಲ್ಪ ಸಡಿಲ ಆಗುತ್ತದೆ, ಮತ್ತೆ ಬಿಗಿಯಾಗುತ್ತದೆ. ಕೋಶಗಳ ಆಯಸ್ಸೂ ಕೆಲವೇ ದಿನ. ಸಣ್ಣಕರುಳಿನ ಒಳಮೈ ತುಂಬ ವಿಲ್ಲೈ ಎಂಬ ಸೂಕ್ಷ್ಮ ಎಳೆಗಳಿವೆ. ಅವುಗಳ ಬುಡದಲ್ಲಿ ಸಣ್ಣ ಕುಳಿಗಳು. ಹೊಸ ಕೋಶ ಹುಟ್ಟುವುದು ಆ ಕುಳಿಯಲ್ಲಿ. ಹುಟ್ಟಿದ್ದು ಮೆಲ್ಲನೆ ಮೇಲೆ ಹತ್ತಿ, ತುದಿ ತಲುಪಿ, ಉದುರಿ, ಮಲದೊಂದಿಗೆ ಹೊರಗೆ ಹೋಗುತ್ತದೆ. ಒಂದು ವಾರ ಕಳೆಯುವಷ್ಟರಲ್ಲಿ ನಿಮ್ಮ ನಾಯಿಯ ಕರುಳಿನ ಒಳಪದರ ಹೆಚ್ಚುಕಡಿಮೆ ಹೊಸತೇ ಆಗಿರುತ್ತದೆ. ಈ ಕುಳಿಗಳನ್ನು ನೆನಪಿನಲ್ಲಿಡಿ, ಮರಿಗಳನ್ನು ಕೊಲ್ಲುವ ಪಾರ್ವೊ ಎಂಬ ವೈರಸ್ಸಿನ ವಿಷಯ ಹೇಳುವಾಗ ಬೇಕಾಗುತ್ತದೆ.

ಈ ಪದರವನ್ನು ಬರೀ ಒಂದು ಕೊಳವೆಯ ಒಳಮೈ ಎಂದು ತಿಳಿಯುವವರು ಇನ್ನೂ ಇದ್ದಾರೆ. ಹಾಗಲ್ಲ ಎಂದು ಗೊತ್ತಾಗಿ ನೂರಿಪ್ಪತ್ತು ವರ್ಷ ಆಯಿತು, ಗೊತ್ತಾದದ್ದೂ ನಾಯಿಯಿಂದಲೇ. 1902ರ ಜನವರಿಯಲ್ಲಿ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ವಿಲಿಯಂ ಬೇಲಿಸ್ ಮತ್ತು ಅರ್ನೆಸ್ಟ್ ಸ್ಟಾರ್ಲಿಂಗ್ ಎಂಬ ಇಬ್ಬರು ನಾಯಿಯ ಸಣ್ಣಕರುಳಿನ ಒಂದು ತುಂಡಿಗೆ ಹೋಗುವ ನರಗಳನ್ನೆಲ್ಲ ಕತ್ತರಿಸಿ, ಆ ತುಂಡಿನೊಳಗೆ ಆಮ್ಲ ಹಾಕಿದರು. ನರ ಇಲ್ಲ, ಸುದ್ದಿ ಮುಟ್ಟಿಸುವವರಿಲ್ಲ; ಆದರೂ ದೂರದ ಮೇದೋಜೀರಕ ಗ್ರಂಥಿ ರಸ ಸುರಿಸಿತು. ಆಮೇಲೆ ಕರುಳಿನ ಒಳಪದರವನ್ನೇ ಕೆರೆದು, ಮರಳು ಮತ್ತು ಆಮ್ಲ ಸೇರಿಸಿ ಅರೆದು, ಸೋಸಿ, ನಾಯಿಯ ರಕ್ತನಾಳಕ್ಕೆ ಚುಚ್ಚಿದರು. ಮತ್ತೆ ರಸ ಸುರಿಯಿತು. ಒಳಪದರ ತಾನೇ ಒಂದು ರಾಸಾಯನಿಕ ತಯಾರಿಸಿ ರಕ್ತದ ಮೂಲಕ ಕಳುಹಿಸುತ್ತಿತ್ತು. ಸೆಕ್ರೆಟಿನ್ ಎಂದು ಅದಕ್ಕೆ ಹೆಸರಿಟ್ಟರು. ಹಾರ್ಮೋನು ಎಂದು ನಾವು ಇವತ್ತು ಕರೆಯುವ ವಸ್ತುಗಳ ಕಲ್ಪನೆ ಗಟ್ಟಿಯಾದದ್ದು ಇಲ್ಲಿಂದ. ಮರುವರ್ಷ ಬೇಲಿಸ್ ಪ್ರಯೋಗ ಮಾಡಿದ ಕಂದು ನಾಯಿಯೊಂದರ ವಿಷಯ ಹೊರಗೆ ಬಂದು ದೊಡ್ಡ ಗಲಾಟೆಯಾಯಿತು, ಕೋರ್ಟಿನವರೆಗೂ ಹೋಯಿತು, 1906ರಲ್ಲಿ ಬ್ಯಾಟರ್ಸಿಯಲ್ಲಿ ಆ ನಾಯಿಗೆ ಪ್ರತಿಮೆಯನ್ನೂ ನಿಲ್ಲಿಸಿದರು. ನಮಗೆ ತಿಳಿವಳಿಕೆ ಕೊಟ್ಟ ಪ್ರಾಣಿಗಳಿಗೆ ಅಷ್ಟಾದರೂ ಸಲ್ಲಬೇಕು ಅಂತ ನನ್ನ ಅಭಿಪ್ರಾಯ.

ಇನ್ನು ಕಾವಲಿನ ವಿಷಯಕ್ಕೆ ಬರುವ. ಒಳಪದರದ ಸಾಲಿನಲ್ಲಿ ಅಲ್ಲಲ್ಲಿ ಲೋಳೆ ಸುರಿಸುವ ಕೋಶಗಳಿವೆ. ನಾಯಿಯ ಮಲದ ಮೇಲೆ ಕೆಲವೊಮ್ಮೆ ಹೊಳೆಯುವ, ಬೆಳ್ಳಗಿನ, ಕೋಲಿನಿಂದ ಎತ್ತಿದರೆ ಎಳೆಎಳೆಯಾಗಿ ಬರುವ ಜೆಲ್ಲಿ ಕಂಡು ನೀವು ಹೆದರಿ ಫೋಟೋ ಕಳುಹಿಸುತ್ತೀರಲ್ಲ, ಅದು ಇದೇ ಲೋಳೆ. ದೊಡ್ಡಕರುಳಿಗೆ ಕಿರಿಕಿರಿ ಆದಾಗ ಅದು ಮಾಡುವ ಮೊದಲ ಕೆಲಸ ಲೋಳೆ ಹೆಚ್ಚು ಸುರಿಸುವುದು. ಬ್ಯಾಕ್ಟೀರಿಯಾ ಆ ಲೋಳೆಯಲ್ಲೇ ಸಿಕ್ಕಿಕೊಂಡು ಜೀವಕೋಶದವರೆಗೆ ಬರದ ಹಾಗೆ ಆಗಬೇಕು ಎಂಬುದು ಉದ್ದೇಶ. ಒಂದು ಸಲ ಕಂಡರೆ, ನಾಯಿ ಚುರುಕಾಗಿದ್ದರೆ, ಗಾಬರಿ ಬೇಡ. ದಿನಾ ಕಂಡರೆ, ರಕ್ತ ಸೇರಿದ್ದರೆ, ಫೋಟೋ ಸಾಲದು, ನಾಯಿಯನ್ನೇ ಕರೆದುಕೊಂಡು ಬನ್ನಿ.

ಲೋಳೆಯ ಜೊತೆಗೆ ಐಜಿಎ ಎಂಬ ಪ್ರತಿಕಾಯ, ಅಂದರೆ ರೋಗಾಣುವನ್ನು ಗುರುತು ಹಿಡಿಯುವ ಪ್ರೋಟೀನ್, ಇರುತ್ತದೆ. ಒಳಪದರದ ಹಿಂದೆಯೇ ಕೂತ ಕೋಶಗಳು ಇದನ್ನು ತಯಾರಿಸುತ್ತವೆ, ಒಳಪದರದ ಕೋಶಗಳು ಅದನ್ನು ಎತ್ತಿಕೊಂಡು ಆಚೆ ಬದಿಗೆ ದಾಟಿಸುತ್ತವೆ. ರಕ್ತದಲ್ಲಿರುವ ಪ್ರತಿಕಾಯಗಳ ಹಾಗೆ ಇದು ರೋಗಾಣುವಿನ ಮೇಲೆ ಯುದ್ಧ ಸಾರುವುದಿಲ್ಲ. ಅಂಟಿಕೊಳ್ಳುತ್ತದೆ, ನಾಲ್ಕಾರನ್ನು ಒಟ್ಟು ಸೇರಿಸಿ ಗುಂಪು ಮಾಡುತ್ತದೆ, ಗೋಡೆ ಹಿಡಿಯದಂತೆ ಮಾಡುತ್ತದೆ. ಮುಂದಿನ ಮಲದಲ್ಲಿ ಎಲ್ಲ ಹೊರಗೆ. ಊತ ಇಲ್ಲ, ಜ್ವರ ಇಲ್ಲ, ನಾಯಿಗೆ ಗೊತ್ತೇ ಆಗುವುದಿಲ್ಲ.

ಯಾವ ರೋಗಾಣುವಿಗೆ ಎಂಥ ಐಜಿಎ ಮಾಡಬೇಕೆಂದು ತಿಳಿಯುವುದಾದರೂ ಹೇಗೆ? ಅದಕ್ಕೆ ಪೇಯರ್ ತೇಪೆಗಳು ಎಂಬ ಜಾಗಗಳಿವೆ. ಸ್ವಿಟ್ಜರ್ಲೆಂಡಿನ ಯೋಹಾನ್ ಕೊನ್ರಾಡ್ ಪೇಯರ್ 1677ರಲ್ಲಿ ವಿವರಿಸಿದ್ದು, ಅವನದೇ ಹೆಸರು ಉಳಿದಿದೆ. ನಾಯಿಯ ಸಣ್ಣಕರುಳಿನಲ್ಲಿ ಇಂಥವು ಇಪ್ಪತ್ತು ಚಿಲ್ಲರೆ ಇರುತ್ತವೆ. ಸತ್ತ ನಾಯಿಯ ಪರೀಕ್ಷೆ ಮಾಡುವಾಗ ಕರುಳು ಸೀಳಿ ತೊಳೆದರೆ ಬರಿಗಣ್ಣಿಗೇ ಕಾಣುತ್ತವೆ, ಮೊಟ್ಟೆಯಾಕಾರದ ದಪ್ಪನೆಯ ಜಾಗಗಳು. ಈ ತೇಪೆಯ ಮೇಲೆ ಎಮ್ ಕೋಶ ಎಂಬವು ಕೂತಿರುತ್ತವೆ. ಅನ್ನ ಬೆಂದಿದೆಯೋ ಇಲ್ಲವೋ ನೋಡಲು ನಾವು ಇಡೀ ಪಾತ್ರೆ ಮಗುಚುವುದಿಲ್ಲ, ಒಂದು ಅಗುಳು ತೆಗೆದು ಹಿಸುಕುತ್ತೇವೆ. ಎಮ್ ಕೋಶದ ಕೆಲಸವೂ ಅಷ್ಟೇ. ಕರುಳಿನಲ್ಲಿ ಹರಿದು ಹೋಗುವುದರಲ್ಲಿ ಚೂರು ಚೂರು ಹೆಕ್ಕಿ ಕೆಳಗೆ ಕಾದಿರುವ ರಕ್ಷಣಾ ಕೋಶಗಳಿಗೆ ದಾಟಿಸುತ್ತದೆ. ಅವು ನೋಡಿ ಕಲಿಯುತ್ತವೆ. ಸಣ್ಣಕರುಳಿನ ಕೊನೆಯ ಭಾಗದ ತೇಪೆ ಮರಿಯಲ್ಲಿ ತುಂಬ ದೊಡ್ಡದಾಗಿದ್ದು, ನಾಯಿ ಬೆಳೆದಂತೆ ಕುಗ್ಗುತ್ತದೆ. ಕಲಿಕೆಯ ವಯಸ್ಸು ಮರಿಯ ವಯಸ್ಸು ಎಂಬುದಕ್ಕೆ ದೇಹವೇ ಇಟ್ಟ ಗುರುತು ಅದು.

ದೇಹದ ಇಮ್ಯೂನಿಟಿಯ ಎಪ್ಪತ್ತು ಶೇಕಡಾ ಹೊಟ್ಟೆಯಲ್ಲಿ ಉಂಟು ಎಂದು ವಾಟ್ಸಾಪಿನಲ್ಲಿ ಬಂದದ್ದನ್ನು ಕೆಲವರು ನನಗೆ ತೋರಿಸುತ್ತಾರೆ. ಶೇಕಡಾ ಲೆಕ್ಕವನ್ನು ನಾನು ನೆಚ್ಚುವುದಿಲ್ಲ, ಯಾವುದನ್ನು ಎಣಿಸಿದರು ಎಂಬುದರ ಮೇಲೆ ಅದು ಬದಲಾಗುತ್ತದೆ. ಪ್ರತಿಕಾಯ ತಯಾರಿಸುವ ಕೋಶಗಳು ದೇಹದಲ್ಲಿ ಅತಿ ಹೆಚ್ಚು ಇರುವುದು ಕರುಳಿನ ಒಳಪದರದಲ್ಲಿ ಎಂಬುದು ಮಾತ್ರ ಸತ್ಯ, ನಮಗೆ ಅಷ್ಟು ಸಾಕು.

ಇಷ್ಟೆಲ್ಲ ಸೈನ್ಯ ಇಟ್ಟುಕೊಂಡು ಕರುಳು ದಿನವಿಡೀ ಮಾಡುವ ಮುಖ್ಯ ಕೆಲಸ ಏನು ಗೊತ್ತುಂಟಾ? ಸುಮ್ಮನೆ ಇರುವುದು. ನಿಮ್ಮ ನಾಯಿ ತಿನ್ನುವ ಕೋಳಿ ಅದರ ದೇಹಕ್ಕೆ ಹೊರಗಿನ ಪ್ರೋಟೀನೇ. ಅನ್ನದ ಜೊತೆ ಹೋಗುವುದೂ ಹೊರಗಿನದ್ದೇ. ಕರುಳಿನಲ್ಲೇ ಮನೆ ಮಾಡಿರುವ ಬ್ಯಾಕ್ಟೀರಿಯಾಗಳೂ ಅಷ್ಟೇ. ಇವುಗಳಲ್ಲಿ ಪ್ರತಿಯೊಂದಕ್ಕೂ ರಕ್ಷಣಾ ಕೋಶಗಳು ಕೆರಳಿದರೆ ನಾಯಿ ಬದುಕುವುದೇ ಕಷ್ಟ. ಹಾಗಾಗಿ ಒಳಪದರದ ಹಿಂದೆ ಇರುವ ಒಂದು ಜಾತಿಯ ಕೋಶಗಳ ಕೆಲಸವೇ ಬೇರೆಯವನ್ನು ತಣಿಸುವುದು. ಇದು ನಮ್ಮದು, ಇದು ಊಟ, ಇದನ್ನು ಬಿಟ್ಟುಬಿಡಿ ಎಂದು ಹೇಳುತ್ತಾ ಇರುವುದು.

ಈ ತಣಿಸುವ ಕೆಲಸ ಕೆಟ್ಟರೆ ಏನಾಗುತ್ತದೆ? ಮೂರು ವಾರ ದಾಟಿದರೂ ನಿಲ್ಲದ ಭೇದಿ, ಬಿಟ್ಟು ಬಿಟ್ಟು ವಾಂತಿ, ತೂಕ ಇಳಿಯುವುದು, ಕೂದಲು ಒರಟಾಗುವುದು. ದೀರ್ಘಕಾಲದ ಕರುಳಿನ ಉರಿಯೂತ. ಇಂಥ ನಾಯಿಯನ್ನು ತಂದು "ಇದಕ್ಕೆ ಇಮ್ಯೂನಿಟಿ ಕಮ್ಮಿ ಆಗಿದೆ, ಟಾನಿಕ್ ಕೊಡಿ" ಎನ್ನುತ್ತಾರೆ. ಆ ನಾಯಿಯ ಕರುಳಿನಲ್ಲಿ ಇಮ್ಯೂನಿಟಿ ಜಾಸ್ತಿಯಾಗಿಯೇ ತೊಂದರೆ ಬಂದಿರುವುದು! ಇವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ನಾಯಿಗಳು ಬರೀ ಆಹಾರ ಬದಲಿಸಿದರೆ ಎರಡು ವಾರದಲ್ಲಿ ಸುಧಾರಿಸುತ್ತವೆ. ಅಂದರೆ ಅದು ಹಿಂದೆ ತಿನ್ನದಿದ್ದ ಒಂದು ಪ್ರೋಟೀನ್, ಬೇರೆ ಏನೂ ಇಲ್ಲ. ಬಿಸ್ಕತ್ತು ಇಲ್ಲ, ಅಜ್ಜಿ ಕದ್ದು ಹಾಕುವ ದೋಸೆ ತುಂಡೂ ಇಲ್ಲ. ಅಜ್ಜಿಯ ದೋಸೆಯಿಂದ ಹಾಳಾದ ಡಯೆಟ್‌ಗಳಿಗೆ ಲೆಕ್ಕವಿಲ್ಲ. ಇದಕ್ಕೂ ಬಗ್ಗದವುಗಳಿಗೆ ಪ್ರೆಡ್ನಿಸೋಲೋನ್‌ನಂಥ ಔಷಧ ಬೇಕಾಗುತ್ತದೆ, ಅದು ಇಮ್ಯೂನಿಟಿಯನ್ನು ತಗ್ಗಿಸುವ ಔಷಧ. ಜರ್ಮನ್ ಶೆಫರ್ಡ್ ಸಾಕುವವರು ಈ ವಿಷಯದಲ್ಲಿ ಸ್ವಲ್ಪ ಹೆಚ್ಚು ಗಮನ ಕೊಡಬೇಕು. ಆ ತಳಿಯಲ್ಲಿ ಐಜಿಎ ಕಡಿಮೆ ಇರುವುದೂ, ಕರುಳಿನ ದೀರ್ಘ ತೊಂದರೆ ಹೆಚ್ಚು ಬರುವುದೂ ಕಂಡುಬಂದಿದೆ.

ಈಗ ಮರಿಗಳ ಕಡೆ. ಮನುಷ್ಯರಲ್ಲಿ ತಾಯಿಯ ಪ್ರತಿಕಾಯಗಳು ಗರ್ಭದಲ್ಲೇ ಮಾಸಿನ ಮೂಲಕ ಮಗುವಿಗೆ ಸಾಕಷ್ಟು ಸಿಗುತ್ತವೆ. ನಾಯಿಯ ಮಾಸು ಬೇರೆ ರೀತಿಯದು; ಅದರ ಮೂಲಕ ಸಿಗುವುದು ಹತ್ತನೇ ಒಂದು ಪಾಲು, ಕೆಲವೊಮ್ಮೆ ಅದಕ್ಕಿಂತ ಕಡಿಮೆ. ಉಳಿದದ್ದೆಲ್ಲ ಗಿಣ್ಣುಹಾಲಿನಿಂದ ಬರಬೇಕು. ಹುಟ್ಟಿದ ಮರಿಯ ಕರುಳಿನ ಒಳಪದರ ಆಗ ಮಾತ್ರ ಒಂದು ವಿಶೇಷ ಸ್ಥಿತಿಯಲ್ಲಿರುತ್ತದೆ. ದೊಡ್ಡ ದೊಡ್ಡ ಪ್ರತಿಕಾಯದ ಅಣುಗಳನ್ನು ಜೀರ್ಣ ಮಾಡದೆ ಇಡಿಯಾಗಿ ರಕ್ತಕ್ಕೆ ಬಿಡುತ್ತದೆ. ಮೊದಲ ಕೆಲವು ಗಂಟೆ ಇದು ಜೋರು, ಒಂದು ದಿನ ಆಗುವಾಗ ಬಾಗಿಲು ಮುಚ್ಚಿತು. ರಾತ್ರಿ ಮರಿ ಹಾಕಿದೆ, ಬೆಳಿಗ್ಗೆ ನೋಡುವ ಎಂದು ಮಲಗಿದರೆ, ಮೊಲೆ ಸಿಗದೆ ಮೂಲೆಯಲ್ಲಿ ಉಳಿದ ಮರಿಗೆ ಆ ಬಾಗಿಲು ಮತ್ತೆ ತೆರೆಯುವುದಿಲ್ಲ. ಎದ್ದು ಟಾರ್ಚ್ ಹಾಕಿ ನೋಡಿ, ಪ್ರತಿ ಮರಿಯ ಬಾಯಿ ಮೊಲೆಗೆ ಹಚ್ಚಿ.

ಆಮೇಲೆ ಬರುವ ಹಾಲಿನಲ್ಲೂ ಐಜಿಎ ಇರುತ್ತದೆ. ಅದು ರಕ್ತಕ್ಕೆ ಹೋಗುವುದಿಲ್ಲ, ಮರಿಯ ಕರುಳಿನ ಒಳಮೈಯಲ್ಲೇ ನಿಂತು ಕಾಯುತ್ತದೆ. ತಾಯಿಯ ಹತ್ತಿರ ಇರುವಷ್ಟು ದಿನ ಮಾತ್ರ. ಮೂವತ್ತು ದಿನದ ಮರಿಯನ್ನು ರಟ್ಟಿನ ಪೆಟ್ಟಿಗೆಯಲ್ಲಿ ಹಾಕಿ ಬಸ್ಸಿನಲ್ಲಿ ಕಳುಹಿಸುವ ವ್ಯಾಪಾರ ಇನ್ನೂ ನಡೆಯುತ್ತದೆ. ಹಾಲು ನಿಂತಿತು, ಐಜಿಎ ನಿಂತಿತು, ಆಹಾರ ಬದಲಾಯಿತು, ಪ್ರಯಾಣದ ಹೆದರಿಕೆ, ಹೊಸ ಮನೆಯ ಹೊಸ ರೋಗಾಣು, ಎಲ್ಲ ಒಂದೇ ದಿನ. 2017ರ ಕೇಂದ್ರ ಸರಕಾರದ ನಾಯಿ ತಳಿ ಸಂವರ್ಧನೆ ಮತ್ತು ಮಾರಾಟ ನಿಯಮದ ಪ್ರಕಾರ ಎಂಟು ವಾರ ತುಂಬದ ಮರಿಯನ್ನು ಮಾರುವ ಹಾಗಿಲ್ಲ. ಸಣ್ಣದಿರುವಾಗ ತಂದರೆ ಮನೆಗೆ ಒಗ್ಗುತ್ತದೆ ಎಂದು ನಂಬಿ ಕೇಳುವವರು ಇರುವವರೆಗೆ ಮಾರುವವರೂ ಇರುತ್ತಾರೆ.

ತಾಯಿಯಿಂದ ಬಂದ ಪ್ರತಿಕಾಯ ಮರಿಯ ರಕ್ತದಲ್ಲಿ ಸುಮಾರು ಹತ್ತು ದಿನಕ್ಕೊಮ್ಮೆ ಅರ್ಧಕ್ಕೆ ಇಳಿಯುತ್ತಾ ಹೋಗುತ್ತದೆ. ಇಳಿಯುವ ದಾರಿಯಲ್ಲಿ ಒಂದು ಕೆಟ್ಟ ಅವಧಿ ಉಂಟು. ರೋಗವನ್ನು ತಡೆಯಲು ಸಾಲದಷ್ಟು ಕಡಿಮೆ, ಆದರೆ ಕೊಟ್ಟ ಲಸಿಕೆಯನ್ನು ವ್ಯರ್ಥ ಮಾಡುವಷ್ಟು ಇನ್ನೂ ಇದೆ. ಆ ಅವಧಿ ಯಾವ ಮರಿಗೆ ಯಾವ ವಾರ ಬರುತ್ತದೆ ಎಂದು ಹೊರಗಿನಿಂದ ನೋಡಿ ಹೇಳಲಾಗದು. ಒಂದೇ ಸೂಲಿನ ಮರಿಗಳಲ್ಲೂ ಬೇರೆ ಬೇರೆ. ಅದಕ್ಕೇ ಆರರಿಂದ ಎಂಟು ವಾರದಲ್ಲಿ ಶುರು ಮಾಡಿ, ಎರಡರಿಂದ ನಾಲ್ಕು ವಾರಕ್ಕೊಮ್ಮೆ ಕೊಡುತ್ತಾ, ಕೊನೆಯ ಡೋಸ್ ಹದಿನಾರು ವಾರ ಆದ ಮೇಲೆ ಬೀಳುವ ಹಾಗೆ ನೋಡಿಕೊಳ್ಳುವುದು. "ಎರಡು ಇಂಜೆಕ್ಷನ್ ಆಯ್ತಲ್ಲ ಡಾಕ್ಟ್ರೆ, ಮೂರನೆಯದ್ದು ದುಡ್ಡಿಗೆ ಅಲ್ವಾ" ಎಂದು ಕೇಳಿದವರಿದ್ದಾರೆ. ಎಲ್ಲಕ್ಕಿಂತ ಮುಖ್ಯವಾದದ್ದು ಆ ಕೊನೆಯದ್ದೇ.

ಪಾರ್ವೊ. ಈ ವೈರಸ್ ನಾಯಿಗಳಲ್ಲಿ ಕಾಣಿಸಿಕೊಂಡದ್ದೇ 1978ರ ಹೊತ್ತಿಗೆ, ಬೆಕ್ಕಿನ ಕುಲದ ಪ್ರಾಣಿಗಳಲ್ಲಿದ್ದ ಹಳೆಯ ವೈರಸ್ಸಿನ ಹತ್ತಿರದ ಸಂಬಂಧಿ ಅದು. ಎರಡು ವರ್ಷದೊಳಗೆ ಲೋಕವೆಲ್ಲ ಸುತ್ತಿತು. ಮರಿ ನೆಲ ನೆಕ್ಕಿದಾಗ ಬಾಯಿಯ ಮೂಲಕ ಹೋಗುತ್ತದೆ. ಹೋದದ್ದು ನೇರ ಕರುಳಿನ ಗೋಡೆಯನ್ನೇ ಹಿಡಿಯುತ್ತದೆ ಎಂದು ಹೆಚ್ಚಿನವರು ತಿಳಿದಿದ್ದಾರೆ. ಇಲ್ಲ, ಮೊದಲು ಗಂಟಲಿನ ಸುತ್ತಲ ರಕ್ಷಣಾ ಗ್ರಂಥಿಗಳಲ್ಲಿ ಬೆಳೆದು, ರಕ್ತಕ್ಕೆ ಇಳಿದು, ರಕ್ತದ ಮೂಲಕ ಕರುಳಿಗೆ ಹಿಂದಿನಿಂದ ಬರುತ್ತದೆ. ಅದಕ್ಕೆ ಬೇಕಾಗಿರುವುದು ವಿಭಜನೆ ಆಗುತ್ತಿರುವ ಕೋಶ. ಅಂಥವು ಎಲ್ಲಿವೆ? ವಿಲ್ಲೈ ಬುಡದ ಕುಳಿಗಳಲ್ಲಿ. ಅಸ್ಥಿಮಜ್ಜೆಯಲ್ಲಿ.

ಕುಳಿಯ ಕೋಶಗಳು ಸತ್ತವು ಎಂದರೆ ಮೇಲಕ್ಕೆ ಹೊಸ ಕೋಶ ಹೋಗುವುದಿಲ್ಲ. ತುದಿಯಿಂದ ಉದುರುವುದು ಮಾತ್ರ ಉದುರುತ್ತಲೇ ಇರುತ್ತದೆ. ಎರಡು ಮೂರು ದಿನದಲ್ಲಿ ವಿಲ್ಲೈ ಕುಸಿದು ಒಳಮೈ ಬೋಳಾಗುತ್ತದೆ. ಕರುಳಿನ ಬ್ಯಾಕ್ಟೀರಿಯಾ ರಕ್ತಕ್ಕೆ ನುಗ್ಗುತ್ತವೆ. ಅದೇ ಹೊತ್ತಿಗೆ ಅಸ್ಥಿಮಜ್ಜೆಯೂ ಪೆಟ್ಟು ತಿಂದಿರುವುದರಿಂದ ಎದುರಿಸಲು ಬಿಳಿರಕ್ತಕಣಗಳೂ ಇಲ್ಲ. ರಕ್ತದ ರಿಪೋರ್ಟಿನಲ್ಲಿ ಬಿಳಿಕಣದ ಸಂಖ್ಯೆ ಸಾವಿರಗಳಿಂದ ನೂರುಗಳಿಗೆ ಇಳಿದದ್ದು ಕಂಡರೆ ನನಗೂ ಕೈಕಾಲು ತಣ್ಣಗಾಗುತ್ತದೆ. ಪಾರ್ವೊ ಮರಿ ಭೇದಿಯಿಂದ ಸಾಯುತ್ತದೆ ಎನ್ನುವುದು ಅರ್ಧ ಸತ್ಯ. ನೀರಿನಂಶ ಹೋಗುವುದು ಒಂದು, ರಕ್ತಕ್ಕೆ ನಂಜೇರುವುದು ಇನ್ನೊಂದು.

ಆ ಮರಿಯನ್ನು ನೋಡಿದವರಿಗೆ ಮರೆಯುವುದಿಲ್ಲ. ನೀರಿನ ಬಟ್ಟಲಿನ ಅಂಚಿಗೆ ಗಲ್ಲ ಇಟ್ಟು ಕೂತಿರುತ್ತದೆ, ಕುಡಿಯುವುದಿಲ್ಲ. ಹೆಗಲ ಮೇಲಿನ ಚರ್ಮ ಎತ್ತಿ ಬಿಟ್ಟರೆ ಎತ್ತಿದ ಹಾಗೇ ನಿಲ್ಲುತ್ತದೆ. ಒಸಡು ಬೆರಳಿಗೆ ಅಂಟುತ್ತದೆ. ಬಾಗಿಲಿನ ಹತ್ತಿರ ಬರುವಾಗಲೇ ಕೊಳೆತ ರಕ್ತದ ಒಂದು ವಾಸನೆ, ಅದನ್ನು ಮೂಸಿದ ಕಂಪೌಂಡರ್ ಹೇಳದೆಯೇ ಬೇರೆ ಕೋಣೆ ತೆರೆಯುತ್ತಾನೆ.

ಇಲ್ಲಿ ಚಿಕಿತ್ಸೆಯ ಒಂದು ವಿಷಯ ಹೇಳಲೇಬೇಕು, ಯಾಕೆಂದರೆ ನಮ್ಮ ಊರಿನ ನಂಬಿಕೆಗೆ ಅದು ವಿರುದ್ಧ. "ಲಂಘನಂ ಪರಮೌಷಧಂ" ಎಂದು ಹಿರಿಯರು ಹೇಳುತ್ತಾರೆ. ಪಶುವೈದ್ಯರೂ ಬಹಳ ಕಾಲ ವಾಂತಿ ನಿಲ್ಲುವವರೆಗೆ ಪಾರ್ವೊ ಮರಿಗೆ ಬಾಯಿಗೆ ಏನೂ ಕೊಡುತ್ತಿರಲಿಲ್ಲ. 2003ರಲ್ಲಿ ದಕ್ಷಿಣ ಆಫ್ರಿಕಾದ ಒಂದು ಅಧ್ಯಯನ ಪ್ರಕಟವಾಯಿತು. ಮೂವತ್ತು ಪಾರ್ವೊ ನಾಯಿಮರಿಗಳು. ಅರ್ಧಕ್ಕೆ ಹಳೆಯ ಪದ್ಧತಿಯ ಉಪವಾಸ, ಇನ್ನರ್ಧಕ್ಕೆ ದಾಖಲಾದ ಹನ್ನೆರಡು ಗಂಟೆಯಲ್ಲೇ ಮೂಗಿನಿಂದ ಹಾಕಿದ ಸಣ್ಣ ನಳಿಕೆಯಲ್ಲಿ ದ್ರವ ಆಹಾರ. ಆಹಾರ ಕೊಟ್ಟವು ಬೇಗ ಚೇತರಿಸಿಕೊಂಡವು, ತೂಕವೂ ಏರಿತು. ಕಾರಣ ಒಳಪದರದಲ್ಲೇ ಉಂಟು. ಸಣ್ಣಕರುಳಿನ ಕೋಶಗಳು ತಮ್ಮ ಆಹಾರದ ದೊಡ್ಡ ಭಾಗವನ್ನು ರಕ್ತದಿಂದ ಅಲ್ಲ, ಎದುರಿಗೆ ಹರಿಯುವ ಊಟದಿಂದಲೇ ತೆಗೆದುಕೊಳ್ಳುತ್ತವೆ. ನಾಯಿ ಉಪವಾಸ ಇದ್ದರೆ ಕರುಳೂ ಉಪವಾಸ, ವಿಲ್ಲೈ ಇನ್ನಷ್ಟು ಮೊಂಡಾಗುತ್ತದೆ. ಡ್ರಿಪ್ ಮತ್ತು ವಾಂತಿ ನಿಲ್ಲಿಸುವ ಇಂಜೆಕ್ಷನ್ ಕೊಟ್ಟ ಮೇಲೆ ಚಮಚ ಚಮಚವಾಗಿಯಾದರೂ ಒಳಗೆ ಹೋಗಬೇಕು. ನಳಿಕೆ ನೋಡಿ ಮನೆಯವರು ಅಳುತ್ತಾರೆ. ಮರಿಗೆ ಅದರಿಂದ ಹಿಂಸೆ ಕಡಿಮೆ, ಉಪಕಾರ ಜಾಸ್ತಿ.

ಹೊಟ್ಟೆಯಲ್ಲಿ ಹುಳು ಇರುವ ಮರಿಗೆ ಪಾರ್ವೊ ಇನ್ನೂ ಜೋರು. ಹುಳು ಗಾಯ ಮಾಡಿದಂತೆಲ್ಲ ಕುಳಿಗಳು ರಿಪೇರಿಗಾಗಿ ವೇಗವಾಗಿ ಕೋಶ ಹುಟ್ಟಿಸುತ್ತವೆ, ವೈರಸ್ಸಿಗೆ ಬೇಕಾದದ್ದೂ ಅದೇ. ನಮ್ಮ ಕರಾವಳಿಯಲ್ಲಿ ಹುಳು ಎಂದರೆ ಮೊದಲು ಕೊಕ್ಕೆಹುಳು. ಉಡುಪಿಗೆ ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ. ಬೆಚ್ಚಗಿನ, ಒದ್ದೆ, ನೆರಳಿನ ಮರಳುಮಣ್ಣು. ಕೊಕ್ಕೆಹುಳುವಿನ ಮರಿಗೆ ಇದಕ್ಕಿಂತ ಒಳ್ಳೆಯ ಜಾಗ ಬೇರಿಲ್ಲ. ಪಾದದ ಚರ್ಮ ಕೊರೆದೂ ಒಳಗೆ ಹೋಗುತ್ತದೆ, ಬಾಯಿಯಿಂದಲೂ ಹೋಗುತ್ತದೆ. ಕರುಳಿಗೆ ಬಂದು ಹಲ್ಲು ಊರಿ ಒಳಪದರದ ಒಂದು ಚೂರನ್ನು ಬಾಯೊಳಗೆ ಎಳೆದುಕೊಂಡು, ರಕ್ತ ಹೆಪ್ಪುಗಟ್ಟದ ಹಾಗೆ ಮದ್ದು ಬಿಟ್ಟು, ಹೀರುತ್ತದೆ. ಆಮೇಲೆ ಜಾಗ ಬದಲಿಸುತ್ತದೆ. ಬಿಟ್ಟುಹೋದ ಜಾಗ ಒಸರುತ್ತಲೇ ಇರುತ್ತದೆ. ಹುಳುವಿನ ಉದ್ದ ಒಂದೂವರೆ ಸೆಂಟಿಮೀಟರ್ ಆಸುಪಾಸು, ನೂರಾರು ಇದ್ದರೆ ನಾಯಿಮರಿಯ ಕಥೆ ಮುಗಿಯಿತು.

ತಾಯಿಯ ಮಾಂಸಖಂಡದಲ್ಲಿ ಮಲಗಿದ್ದ ಕೊಕ್ಕೆಹುಳುವಿನ ಮರಿಗಳು ಹೆರಿಗೆಯಾದ ಮೇಲೆ ಎದ್ದು ಹಾಲಿನ ಮೂಲಕ ನಾಯಿಮರಿಗೆ ಹೋಗುತ್ತವೆ. ಎರಡು ವಾರ ಆಗುವಷ್ಟರಲ್ಲಿ ದುಂಡಗಿದ್ದ ಮರಿಯ ಒಸಡು ಬಿಳಿಚುತ್ತದೆ. ಮಲ ಪರೀಕ್ಷೆ ಮಾಡಿದರೆ ಮೊಟ್ಟೆ ಕಾಣುವುದಿಲ್ಲ, ಹುಳು ಇನ್ನೂ ಮೊಟ್ಟೆ ಇಡುವ ವಯಸ್ಸಿಗೆ ಬಂದಿರುವುದಿಲ್ಲ, ರಕ್ತ ಕುಡಿಯಲು ಮಾತ್ರ ಶುರು ಮಾಡಿರುತ್ತದೆ. ಹಾಗಾಗಿ ಪರೀಕ್ಷೆಗೆ ಕಾಯದೆ ಎರಡನೇ ವಾರದಲ್ಲೇ ಹುಳುವಿನ ಔಷಧ, ಮತ್ತೆ ಎರಡೆರಡು ವಾರಕ್ಕೆ, ತಾಯಿಗೂ ಜೊತೆಗೇ. ಮಲ್ಪೆ ಕಡೆಯವರು ಇದನ್ನು ಬರೆದಿಟ್ಟುಕೊಳ್ಳಿ.

ಒಳಪದರದ ಎದುರು ಬದಿಯಲ್ಲಿ ವಾಸ ಮಾಡುವ ಬ್ಯಾಕ್ಟೀರಿಯಾಗಳ ಬಗ್ಗೆ ಬೇರೆಯೇ ಉಪನ್ಯಾಸ ಬೇಕು. ಸಂಕ್ಷೇಪವಾಗಿ: ನಾಯಿ ಜೀರ್ಣಿಸದ ನಾರನ್ನು ಅವು ಹುಳಿಯಿಸಿ ಬ್ಯುಟಿರೇಟ್ ಎಂಬ ಆಮ್ಲ ಮಾಡುತ್ತವೆ, ದೊಡ್ಡಕರುಳಿನ ಕೋಶಗಳ ಮುಖ್ಯ ಆಹಾರ ಅದು. ಇನ್ನು ಕೆಲವು ಪಿತ್ತರಸವನ್ನು ಬದಲಿಸಿ ಕೆಟ್ಟ ಬ್ಯಾಕ್ಟೀರಿಯಾ ತಲೆ ಎತ್ತದಂತೆ ಮಾಡುತ್ತವೆ. ಈಗ ಒಂದು ದಿನ ನಾಯಿಗೆ ಭೇದಿ ಆಯಿತು ಎಂದು ಮೆಡಿಕಲ್ ಶಾಪಿನಿಂದ ಮೆಟ್ರೋನಿಡಜೋಲ್ ಎಂಬ ಆಂಟಿಬಯೋಟಿಕ್ ತಂದು ಹಾಕುತ್ತೀರಿ. ಮೂರು ದಿನದಲ್ಲಿ ಭೇದಿ ನಿಲ್ಲುತ್ತದೆ. ಮಾತ್ರೆ ಹಾಕದಿದ್ದರೂ ಸಾಧಾರಣ ಭೇದಿ ಮೂರು ನಾಲ್ಕು ದಿನದಲ್ಲಿ ನಿಲ್ಲುತ್ತಿತ್ತು. ಆದರೆ ಪಿತ್ತರಸ ಬದಲಿಸುವ ಬ್ಯಾಕ್ಟೀರಿಯಾ ಆ ಮಾತ್ರೆಗೆ ಸತ್ತು, ಕೆಲವು ನಾಯಿಗಳಲ್ಲಿ ತಿಂಗಳಾದರೂ ಮೊದಲಿನ ಸ್ಥಿತಿಗೆ ಬರುವುದಿಲ್ಲ. ಜ್ವರ ಇಲ್ಲದ, ಚುರುಕಾಗಿರುವ ನಾಯಿಯ ಭೇದಿಗೆ ಆಂಟಿಬಯೋಟಿಕ್ ಬೇಡ ಎಂದೇ ಈಗಿನ ಸಲಹೆ. ಪಾರ್ವೊದಲ್ಲಿ ಕೊಡುವುದು ಒಳಪದರ ಹರಿದು ಬ್ಯಾಕ್ಟೀರಿಯಾ ರಕ್ತಕ್ಕೆ ಹೋಗಿದೆ ಎಂಬ ಕಾರಣಕ್ಕೆ. ಎರಡನ್ನೂ ಒಂದೇ ತಕ್ಕಡಿಗೆ ಹಾಕಬೇಡಿ.

ಇನ್ನೊಂದು ಮಾತ್ರೆ ಇದಕ್ಕಿಂತ ಕೆಟ್ಟದು. ನಾಯಿ ಕುಂಟುತ್ತದೆ ಎಂದು ಮನೆಯಲ್ಲಿದ್ದ ಇಬುಪ್ರೊಫೆನ್, ಡೈಕ್ಲೊಫೆನಾಕ್ ಕೊಡುವುದು. ಹೊಟ್ಟೆ ಮತ್ತು ಕರುಳಿನ ಒಳಪದರಕ್ಕೆ ರಕ್ತ ಹರಿಸಿ, ಲೋಳೆ ಸುರಿಸಿ ಕಾಪಾಡುವ ಪ್ರೊಸ್ಟಾಗ್ಲಾಂಡಿನ್‌ಗಳನ್ನೇ ಈ ಮಾತ್ರೆಗಳು ತಡೆಯುತ್ತವೆ. ಮನುಷ್ಯರ ಒಂದು ಮಾತ್ರೆಗೇ ನಾಯಿಯ ಹೊಟ್ಟೆಯಲ್ಲಿ ಹುಣ್ಣಾಗಿ, ಟಾರಿನ ಬಣ್ಣದ ಮಲ ಬಂದದ್ದನ್ನು ನೋಡಿದ್ದೇನೆ. ಕುಂಟಿದರೆ ಕುಂಟಲಿ, ನಾವು ನೋಡುವವರೆಗೆ ಏನೂ ಕೊಡಬೇಡಿ ಮಾರಾಯ್ರೆ.

ಪ್ರಶ್ನೆಗಳಲ್ಲಿ ಮೊದಲನೆಯದ್ದು ಕಾಪುವಿನಿಂದ ಬಂದ ಒಬ್ಬರು ಅಕ್ಕನದ್ದು. ಆಟಿ ಅಮಾವಾಸ್ಯೆಯ ಹಾಲೆ ಮರದ ಕಷಾಯ ನಾಯಿಗೂ ಒಂದು ಚಮಚ ಹಾಕಿದರೆ ಆಗಬಹುದಾ, ಮನೆಯವರೆಲ್ಲ ಕುಡಿಯುತ್ತೇವಲ್ಲ ಎಂದರು. ಬೇಡ ಅಕ್ಕ. ನಮಗೆ ಅದರ ಅಳತೆ ಹಿರಿಯರ ಅನುಭವದಿಂದ ಗೊತ್ತು, ನಾಯಿಗೆ ಎಷ್ಟು ಎಂಬ ಅನುಭವ ಯಾರಿಗೂ ಇಲ್ಲ. ಕಷಾಯದ ಮೇಲೆ ತಿನ್ನುವ ಮೆಂತೆ ಗಂಜಿಯಲ್ಲಿ ಉಪ್ಪು, ಬೆಲ್ಲ ಹಾಕುವ ಮೊದಲು ಒಂದು ಸೌಟು ತೆಗೆದಿಟ್ಟರೆ ನಾಯಿ ಖುಷಿಯಿಂದ ತಿನ್ನುತ್ತದೆ. ಅನ್ನ ನಾಯಿಗೆ ಆಗುವುದಿಲ್ಲ ಎಂದು ಅಂತರ್ಜಾಲದಲ್ಲಿ ಓದಿ ಹೆದರುವವರಿಗೂ ಒಂದು ಮಾತು. 2013ರಲ್ಲಿ ಪ್ರಕಟವಾದ ಜೀನ್ ಅಧ್ಯಯನದಲ್ಲಿ, ಪಿಷ್ಟ ಜೀರ್ಣಿಸುವ ಅಮೈಲೇಸಿನ ಜೀನ್ ತೋಳದಲ್ಲಿ ಎರಡೇ ಪ್ರತಿ, ನಾಯಿಗಳಲ್ಲಿ ನಾಲ್ಕರಿಂದ ಮೂವತ್ತರವರೆಗೆ ಕಂಡಿತು. ಮನುಷ್ಯರ ಜೊತೆ ಉಂಡು ಉಂಡೇ ಬಂದ ಗುಣ. ಕುಚ್ಚಲಕ್ಕಿ ಧಾರಾಳ ಹಾಕಿ, ಜೊತೆಗೆ ಪ್ರೋಟೀನೂ ಬೇಕು ಅಷ್ಟೇ.

ಮೊಸರು ಒಳ್ಳೆಯದಾ ಎಂದು ಇಬ್ಬರು ಕೇಳಿದರು. ಒಂದೆರಡು ಚಮಚ ತೊಂದರೆ ಇಲ್ಲ. ಅದರ ಬ್ಯಾಕ್ಟೀರಿಯಾ ನಾಯಿಯ ಕರುಳಿನಲ್ಲಿ ನೆಲೆ ನಿಲ್ಲುವುದಿಲ್ಲ, ದಾರಿಹೋಕರ ಹಾಗೆ ಹೋಗುತ್ತವೆ. ನಾಯಿಗಾಗಿಯೇ ಪರೀಕ್ಷೆ ಮಾಡಿದ ಕೆಲವು ಪ್ರೋಬಯೋಟಿಕ್‌ಗಳಿವೆ, ಅಂದರೆ ಒಳ್ಳೆಯ ಬ್ಯಾಕ್ಟೀರಿಯಾ ಇರುವ ಪುಡಿಗಳು. ಎಂಟೆರೊಕೋಕಸ್ ಫೀಸಿಯಮ್ ಎಂಬ ಬ್ಯಾಕ್ಟೀರಿಯಾದ ಒಂದು ತಳಿಯನ್ನು ತಿಂದ ನಾಯಿಮರಿಗಳ ಮಲದಲ್ಲಿ ಐಜಿಎ ಹೆಚ್ಚಿದ್ದು, ಡಿಸ್ಟೆಂಪರ್ ಲಸಿಕೆಗೆ ಪ್ರತಿಕಾಯ ಚೆನ್ನಾಗಿ ಬಂದದ್ದು 2003ರಲ್ಲಿ ವರದಿಯಾಗಿದೆ. ಡಬ್ಬಿಯ ಮೇಲೆ ಯಾವ ತಳಿ ಎಂದು ಬರೆಯದ, ಬರೀ ನಾಯಿಯ ಚಿತ್ರ ಇರುವ ಪುಡಿಗೆ ದುಡ್ಡು ಹಾಕಬೇಡಿ.

ಬಂಗುಡೆ ಬೂತಾಯಿ ಹಸಿಯೇ ಹಾಕುವುದನ್ನು ಬಿಡಿ, ಬೇಯಿಸಿ, ಮುಳ್ಳು ತೆಗೆದು ಹಾಕಿ. ಮಂಜುಗಡ್ಡೆ ಇಲ್ಲದೆ ಮಧ್ಯಾಹ್ನದವರೆಗೆ ಬಿದ್ದ ಬಂಗುಡೆಯಲ್ಲಿ ಹಿಸ್ಟಮಿನ್ ಎಂಬ ನಂಜು ಸೇರಿರುತ್ತದೆ, ಬೇಯಿಸಿದರೂ ಅದು ಹೋಗುವುದಿಲ್ಲ. ನಮಗೆ ಬೇಡವಾದ ಮೀನು ನಾಯಿಗೂ ಬೇಡ.

"ಊರ ನಾಯಿಗೆ ಇದೆಲ್ಲ ಏನೂ ಬೇಡ, ಅದು ಚರಂಡಿ ನೀರು ಕುಡಿದೂ ಗಟ್ಟಿ ಇರ್ತದೆ" ಎಂದರು ಹಿಂದೆ ಕೂತವರೊಬ್ಬರು. ನಿಮ್ಮ ಬೀದಿಯಲ್ಲಿ ಕಳೆದ ಸಲ ಒಂದು ನಾಯಿ ಎಷ್ಟು ಮರಿ ಹಾಕಿತ್ತು, ಈಗ ಎಷ್ಟು ಉಳಿದಿವೆ ಎಂದು ಕೇಳಿದೆ. ಸ್ವಲ್ಪ ಯೋಚಿಸಿ, ಒಂದು ಎಂದರು. ನಾವು ನೋಡುವ ಗಟ್ಟಿ ನಾಯಿ ಆ ಒಂದು.

ಕೊನೆಯ ಪ್ರಶ್ನೆ ಬ್ರಹ್ಮಾವರದ ಒಬ್ಬ ಹುಡುಗನದ್ದು. ಅವರ ಮನೆಯಲ್ಲಿ ಎರಡು ತಿಂಗಳ ಹಿಂದೆ ಪಾರ್ವೊದಿಂದ ಮರಿ ಸತ್ತಿದೆ, ಹೊಸತು ತರಬಹುದಾ ಎಂದ. ಈ ವೈರಸ್ ನೆಲದಲ್ಲಿ ತಿಂಗಳುಗಟ್ಟಲೆ ಬದುಕುತ್ತದೆ, ತಂಪು ನೆರಳಿನಲ್ಲಿ ಇನ್ನೂ ಹೆಚ್ಚು. ಫಿನಾಯಿಲ್, ಸ್ಯಾನಿಟೈಸರ್‌ನಿಂದ ಸಾಯುವುದಿಲ್ಲ. ಟೈಲ್ಸ್, ಸಿಮೆಂಟ್ ನೆಲವನ್ನು ಮೊದಲು ಸೋಪಿನಲ್ಲಿ ತಿಕ್ಕಿ ತೊಳೆಯಬೇಕು, ಕೊಳೆ ಇದ್ದರೆ ಬ್ಲೀಚ್ ಕೆಲಸ ಮಾಡುವುದಿಲ್ಲ. ಆಮೇಲೆ ಒಂದು ಪಾಲು ಬ್ಲೀಚಿಗೆ ಮೂವತ್ತು ಪಾಲು ನೀರು ಬೆರೆಸಿ ಸುರಿದು, ಹತ್ತು ನಿಮಿಷ ಒದ್ದೆಯಾಗಿಯೇ ಬಿಡಬೇಕು. ಬ್ಲೀಚಿಗೆ ಟಾಯ್ಲೆಟ್ ತೊಳೆಯುವ ಆ್ಯಸಿಡ್ ಸೇರಿಸಬಾರದು, ವಿಷದ ಗಾಳಿ ಏಳುತ್ತದೆ. ಹಳೆಯ ಗೋಣಿ, ಬೆಲ್ಟು, ಪ್ಲಾಸ್ಟಿಕ್ ಬಟ್ಟಲು ಸುಟ್ಟೋ ಬಿಸಾಡಿಯೋ ಬಿಡಿ. ಅಂಗಳ ಮಣ್ಣಿನದ್ದು ಎಂದ. ಮಣ್ಣನ್ನು ಶುದ್ಧ ಮಾಡುವ ಉಪಾಯ ಯಾರ ಹತ್ತಿರವೂ ಇಲ್ಲ. ಹಾಗಾಗಿ ಈಗ ಎಂಟು ವಾರದ ಮರಿ ಬೇಡ, ಹದಿನಾರು ವಾರ ದಾಟಿ ಕೊನೆಯ ಲಸಿಕೆಯೂ ಆಗಿ ಎರಡು ವಾರ ಕಳೆದ ಮರಿಯನ್ನು ತಾ ಎಂದೆ. ಅಷ್ಟು ದೊಡ್ಡದನ್ನು ಅಮ್ಮ ಒಪ್ಪುವುದಿಲ್ಲ ಎಂದ. ಅಮ್ಮನನ್ನು ಒಮ್ಮೆ ಕ್ಲಿನಿಕ್ಕಿಗೆ ಕರೆದುಕೊಂಡು ಬಾ, ನಾನೇ ಮಾತಾಡುತ್ತೇನೆ ಎಂದು ಹೇಳಿ ಕಳುಹಿಸಿದ್ದೇನೆ.